ಭಟ್ಟರ ಬಲಭುಜ

ಅಂಗಿ ಹಾಕಿಕೊಳ್ಳುವಾಗ ಯಾವ ಕೈಯನ್ನು ಮೊದಲು ತೂರಿಸುತ್ತೀರಿ ಎಂದು ಕೇಳಿದರೆ ನೀವು ತಟ್ಟನೆ ಹೇಳಲಾರಿರಿ. ಎದ್ದು ಹೋಗಿ ಒಮ್ಮೆ ಹಾಕಿ ನೋಡಬೇಕಾಗುತ್ತದೆ. ನನಗೆ ಹಾಗಲ್ಲ. ನಾನು ಬಲಗೈಯನ್ನು ಮೊದಲು ತೂರಿಸುತ್ತೇನೆ. ಅದು ತಾನಾಗಿ ಹೋಗುವುದಿಲ್ಲ. ಎಡಗೈಯಿಂದ ಅದರ ಮಣಿಕಟ್ಟು ಹಿಡಿದು, ಹಟಮಾರಿ ಮಗುವಿಗೆ ಬಟ್ಟೆ ತೊಡಿಸುವ ಹಾಗೆ ನಿಧಾನಕ್ಕೆ ತೋಳಿನೊಳಗೆ ಇಳಿಸಬೇಕು. ಆಮೇಲೆ ಉಳಿದ ಅಂಗಿಯನ್ನು ಬೆನ್ನ ಹಿಂದಿನಿಂದ ಎಳೆದುಕೊಳ್ಳಬೇಕು. ಅಷ್ಟು ಹೊತ್ತಿಗೆ ಕೊಪ್ಪದ ಬಸ್ಸು ತಿರುವಿನಲ್ಲಿ ಹಾರ್ನ್ ಹಾಕಿರುತ್ತದೆ. ನನ್ನ ಹೆಂಡತಿ ಸಾವಿತ್ರಿ ಹಿಂದಿನಿಂದ ಬಂದು ಸೊಟ್ಟಗಾದ ಕಾಲರ್ ಸರಿಮಾಡುತ್ತಾಳೆ.

“ಶಾಲು ಹೊದ್ಕಂಡೇ ಹೋಗ್ಬಹುದಲ್ರೀ. ಭಟ್ರಿಗೆ ಅಂಗಿ ಎಂತಕ್ಕೆ?” ಎನ್ನುತ್ತಾಳೆ.

“ಶಾಲು ಹೊದೀಲಿಕ್ಕೂ ಕೈ ಹಿಂದೆ ಹೋಗ್ಬೇಕು ಮಾರಾಯ್ತಿ” ಎಂದರೆ ಸುಮ್ಮನಾಗುತ್ತಾಳೆ. ಹೀಗೆ ಅವಳನ್ನು ಸುಮ್ಮನಾಗಿಸುವ ಮಾತುಗಳು ಈಗ ನನ್ನಲ್ಲಿ ಬೇಕಾದಷ್ಟಿವೆ. ಮೊದಲು ಒಂದೂ ಇರಲಿಲ್ಲ.

ನಾನು ದೇವಸ್ಥಾನದ ಭಟ್ಟ. ಹರಿಹರಪುರದಿಂದ ಸ್ವಲ್ಪ ಒಳಗೆ ಬಂದರೆ ಸಿಗುವ ಸಣ್ಣ ದೇವಿಯ ಗುಡಿಯಲ್ಲಿ ನಮ್ಮ ಮನೆತನದ ಪೂಜೆ. ದೇವಿಯದು ನಿಂತ ವಿಗ್ರಹ, ಪೀಠವೂ ಎತ್ತರ. ಆರತಿ ಪಾದದಿಂದ ಶುರುವಾಗಿ ಮುಖದವರೆಗೆ ಏರಬೇಕು, ಮುಖದ ಮುಂದೆ ನಿಧಾನವಾಗಿ ಸುತ್ತು ಬರಬೇಕು. ಎಡಗೈಯಲ್ಲಿ ಗಂಟೆ, ಬಲಗೈಯಲ್ಲಿ ಆರತಿ. ಇದು ಅದಲುಬದಲಾಗುವ ಹಾಗಿಲ್ಲ. ಮಂತ್ರ ನುಂಗುವ ಭಟ್ಟರನ್ನು ನಮ್ಮೂರು ಸಹಿಸಿಕೊಂಡಿದೆ, ಮೂಗಿನ ತುದಿಯಲ್ಲಿ ಸಿಟ್ಟಿಟ್ಟುಕೊಂಡ ಭಟ್ಟರನ್ನೂ ಸಹಿಸಿಕೊಂಡಿದೆ. ಬಲಗೈ ಏಳದ ಭಟ್ಟನಿಗೆ ಮಾತ್ರ ಗರ್ಭಗುಡಿಯಲ್ಲಿ ಕೆಲಸವಿಲ್ಲ. ಹಾಗಾಗಿ ನನ್ನ ಭುಜದ ಸಂಗತಿ ಅಂಗಿಗೆ ಮುಗಿಯುವುದಿಲ್ಲ. ಆ ಭುಜ ಹಾಳಾದದ್ದು ಬೇಸ್‌ಬಾಲ್ ಆಡಿ ಎಂದರೆ ನೀವು ನಗುತ್ತೀರಿ. ನಗಿ, ಅಡ್ಡಿಯಿಲ್ಲ. ಎಲ್ಲರೂ ಒಂದು ಸುತ್ತು ನಕ್ಕಾಗಿದೆ.

ಎಸೆಯುವುದೊಂದು ನನಗೆ ಹುಟ್ಟಿನಿಂದ ಬಂದ ವಿದ್ಯೆ. ಉಪ್ಪಿನಕಾಯಿ ಕಾಲದಲ್ಲಿ ಅಮ್ಮ ಮತ್ತು ಕಾವೇರತ್ತೆ, ಅಂದರೆ ಅಪ್ಪನ ಅಕ್ಕ, ಮಾವಿನ ಮರದ ಕೆಳಗೆ ಹಳೇ ಸೀರೆಯ ನಾಲ್ಕು ತುದಿ ಹಿಡಿದು ನಿಲ್ಲುತ್ತಿದ್ದರು. ಮಿಡಿಗೆ ಕಲ್ಲು ತಾಗಿದರೆ ಅದು ಭರಣಿಯಲ್ಲಿ ಕೊಳೆಯುತ್ತದೆ. ತಾಗಬೇಕಾದ್ದು ತೊಟ್ಟಿನ ಹತ್ತಿರದ ಟಿಸಿಲಿಗೆ. ನಾನು ಹತ್ತಕ್ಕೆ ಆರೇಳು ಸಲ ಅಲ್ಲಿಗೇ ಹೊಡೆಯುತ್ತಿದ್ದೆ. ಜಗಲಿಯಲ್ಲಿ ಜಪಕ್ಕೆ ಕೂತ ಅಪ್ಪ ಒಂದೇ ಕಣ್ಣು ತೆರೆದು ನೋಡುತ್ತಿದ್ದರು. ಗುರಿ ತಪ್ಪಿದರೆ ಗಾಯತ್ರಿಯ ನಡುವೆಯೇ ಅವರ ಬಾಯಿಂದ ‘ಚ್ಚ್’ ಎಂದು ಬರುತ್ತಿತ್ತು. ನನ್ನ ವೇದಪಾಠದಲ್ಲಿ ತಪ್ಪು ಹುಡುಕುವಾಗಲೂ ಅವರು ಅಷ್ಟು ಆಸಕ್ತಿ ತೋರಿಸಿದ್ದು ನನಗೆ ನೆನಪಿಲ್ಲ.

ಶೃಂಗೇರಿಯಲ್ಲಿ ಕಾಲೇಜು ಓದುವಾಗ ನಮ್ಮ ಆಟದ ಮೇಷ್ಟ್ರು ಇದ್ದಕ್ಕಿದ್ದಂತೆ ಬೇಸ್‌ಬಾಲ್ ತಂಡ ಕಟ್ಟಿದರು. ಕ್ರಿಕೆಟ್ಟಿಗೆ ಊರಿಗೊಂದು ತಂಡ ಬರುತ್ತದೆ, ಇದಕ್ಕಾದರೆ ಬರುವವರೇ ಇಲ್ಲ, ಕಪ್ಪು ಗ್ಯಾರಂಟಿ ಎಂಬುದು ಅವರ ಯೋಚನೆ. ನಾನು ಕಾಲೇಜಿನ ಹಿಂದೆ ನೆಲ್ಲಿಕಾಯಿ ಕೆಡವುವುದನ್ನು ನೋಡಿದ್ದ ಅವರು ನನ್ನನ್ನು ಪಿಚರ್ ಮಾಡಿದರು. ಬ್ಯಾಟು ಹಿಡಿದವರಿಗೆ ಚೆಂಡು ಎಸೆಯುವವನಿಗೆ ಆ ಆಟದಲ್ಲಿ ಹಾಗೆನ್ನುತ್ತಾರೆ. ಆಗ ನನಗೆ ಜುಟ್ಟಿತ್ತು. ಟೋಪಿಯ ಹಿಂದಿನ ಕಿಂಡಿಯಿಂದ ಅದು ಹೊರಗೆ ಬಂದು ನೇತಾಡುತ್ತಿತ್ತು. ಎದುರಿನ ತಂಡದವರು ಚೆಂಡು ನೋಡುವುದು ಬಿಟ್ಟು ಜುಟ್ಟು ನೋಡಿ ಔಟಾಗುತ್ತಿದ್ದರು ಎಂದು ನನ್ನ ಗೆಳೆಯರು ಈಗಲೂ ಹೇಳುತ್ತಾರೆ. ಅದು ಪೂರ್ತಿ ಸುಳ್ಳಲ್ಲ.

ಆಗಲೂ ಆಟ ಮುಗಿದ ಮಾರನೇ ದಿನ ರಟ್ಟೆ ನೋಯುತ್ತಿತ್ತು. ಭುಜದೊಳಗೆ ಯಾರೋ ಕೂತು ಬಟ್ಟೆ ಹಿಂಡಿದ ಹಾಗಿರುತ್ತಿತ್ತು. ಮನೆಗೆ ಬಂದರೆ ಅಮ್ಮ ಬಚ್ಚಲಿನಲ್ಲಿ ಕೂರಿಸಿ ಹಂಡೆಯ ನೀರನ್ನು ತಂಬಿಗೆಯಲ್ಲಿ ಮೊಗೆದು ಮೊಗೆದು ಅಲ್ಲಿಗೇ ಹೊಯ್ಯುತ್ತಿದ್ದಳು. “ಸುಡ್ತದೆ ಅಮ್ಮಾ” ಎಂದರೆ “ಸುಡ್ಲಿ ಬಿಡು” ಎನ್ನುತ್ತಿದ್ದಳು. ಎರಡು ದಿನ ಯಾವ ಕೆಲಸವನ್ನೂ ಹೇಳುತ್ತಿರಲಿಲ್ಲ. ಮೂರನೇ ದಿನಕ್ಕೆ ನೋವು ತಾನಾಗಿ ಎದ್ದು ಹೋಗುತ್ತಿತ್ತು. ಗುಣವಾಗುವುದಕ್ಕೂ ಒಂದು ಕ್ರಮವಿದೆ, ಅದನ್ನು ಬೇರೆ ಯಾರೋ ನನಗಾಗಿ ಮಾಡುತ್ತಿದ್ದಾರೆ ಎಂಬುದು ಆ ವಯಸ್ಸಿನಲ್ಲಿ ಯಾರಿಗೆ ಗೊತ್ತಾಗುತ್ತದೆ!

ಆಮೇಲೆ ಅಪ್ಪ ಹೋದರು, ಪೂಜೆ ನನಗೆ ಬಂತು, ಅಮ್ಮನೂ ಹೋದಳು. ಬೇಸ್‌ಬಾಲ್ ಎಂಬ ಶಬ್ದವನ್ನು ನಾನು ಇಪ್ಪತ್ತು ವರ್ಷ ಬಾಯಲ್ಲಿ ಆಡಲಿಲ್ಲ. ಎರಡು ವರ್ಷದ ಹಿಂದೆ ಒಂದು ಮಳೆ ಬಿಟ್ಟ ಸಂಜೆ ನಮ್ಮೂರ ಹೈಸ್ಕೂಲಿಗೆ ಹೊಸದಾಗಿ ಬಂದ ಆಟದ ಟೀಚರು, ವಸಂತಾ ಮೇಡಂ, ಗುಡಿಗೆ ಬಂದರು. ತೀರ್ಥ ತೆಗೆದುಕೊಂಡು ತಲೆಗೆ ಒರೆಸಿಕೊಳ್ಳುತ್ತಾ, “ಭಟ್ರೇ, ನೀವು ಪಿಚರ್ ಅಂತೆ ಹೌದಾ?” ಎಂದು ಕೇಳಿದರು.

ಗರ್ಭಗುಡಿಯ ಬಾಗಿಲಲ್ಲಿ ನಿಂತು ಆ ಶಬ್ದ ಕೇಳಿ ನನಗೆ ಎಷ್ಟು ಖುಷಿಯಾಯಿತೆಂದರೆ ಅವರಿಗೆ ಇನ್ನೊಂದು ಉದ್ಧರಣೆ ತೀರ್ಥ ಕೊಟ್ಟುಬಿಟ್ಟೆ. ಅವರು ಹುಡುಗಿಯರ ತಂಡ ಕಟ್ಟಿದ್ದರು. ಜಿಲ್ಲೆಯಲ್ಲಿ ಬೇರೆ ತಂಡವೇ ಇಲ್ಲದ್ದರಿಂದ ಆಡದೆಯೇ ಜಿಲ್ಲೆಗೆ ಮೊದಲಿಗರಾಗಿದ್ದರು. ಮುಂದಿನ ಹಂತಕ್ಕೆ ಹೋಗುವ ಮೊದಲು ಯಾರಾದರೂ ಅವರಿಗೆ ಚೆಂಡೆಸೆದು ಬ್ಯಾಟ್ ಬೀಸುವುದನ್ನು ರೂಢಿ ಮಾಡಿಸಬೇಕಿತ್ತು.

“ನಂಗೆ ಅಷ್ಟು ಫೋರ್ಸಲ್ಲಿ ಎಸೀಲಿಕ್ಕೆ ಬರೂದಿಲ್ಲ. ನೀವು ಬಂದ್ರೆ ಮಕ್ಳಿಗೆ ಉಪಕಾರ ಆಗ್ತದೆ” ಎಂದರು.

ನಾನು ಎರಡು ನಿಮಿಷ ಬಿಗುಮಾನ ಮಾಡಿ ಒಪ್ಪಿಕೊಂಡೆ. ಮರುದಿನದಿಂದ ಶಾಲೆ ಬಿಟ್ಟ ಕೂಡಲೇ ಪಂಚೆ ಎತ್ತಿಕಟ್ಟಿ ಮೈದಾನಕ್ಕೆ ಹೋಗತೊಡಗಿದೆ. ಹುಡುಗಿಯರು ಸಾಲಾಗಿ ಬಂದು ಬ್ಯಾಟ್ ಹಿಡಿದು ನಿಲ್ಲುತ್ತಿದ್ದರು. ಒಬ್ಬೊಬ್ಬಳಿಗೂ ಒಂದು ಬುಟ್ಟಿ ಚೆಂಡು. ಕೊನೆಯವಳ ಸರದಿ ಬರುವಾಗ ನನ್ನ ಕೈ ಭುಜಕ್ಕೆ ಅಂಟಿಕೊಂಡಿದೆಯೋ ಇಲ್ಲವೋ ಎಂದು ನನಗೇ ಅನುಮಾನ. ಆದರೂ “ಭಟ್ರು ಸರ್, ಇನ್ನೊಂದೇ ಒಂದು” ಎಂದರೆ ಎಸೆಯುತ್ತಿದ್ದೆ. ಚೆಂಡು ಕ್ಯಾಚರ್ ಹುಡುಗಿಯ ಗ್ಲೌಸಿಗೆ ಪಟ್ ಎಂದು ಬಿದ್ದರೆ ಅವರು ಚಪ್ಪಾಳೆ ತಟ್ಟುತ್ತಿದ್ದರು. ಜೀವಮಾನವಿಡೀ ಆರತಿ ಎತ್ತಿದ ಕೈಗೆ ಯಾರಾದರೂ ಚಪ್ಪಾಳೆ ತಟ್ಟಿದ್ದುಂಟೇ? ಜನ ಕೈಮುಗಿಯುತ್ತಾರೆ, ಅದೂ ನನಗಲ್ಲ. ಆ ಚಪ್ಪಾಳೆ ನನಗೆ ಬೇಕಿತ್ತು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೇನೂ ಇಲ್ಲ.

ತೊಂದರೆ ಇದ್ದದ್ದು ಚೆಂಡಿನಲ್ಲಿ. ಬೇಸ್‌ಬಾಲ್ ಚೆಂಡಿಗೆ ಚರ್ಮದ ಹೊದಿಕೆ, ಗ್ಲೌಸೂ ಚರ್ಮದ್ದೇ. ಯಾವ ಪ್ರಾಣಿಯದ್ದೆಂದು ನಾನು ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಆಟ ಅಲ್ಲಿಗೇ ನಿಲ್ಲುತ್ತಿತ್ತು. ಚರ್ಮ ಮುಟ್ಟಿದ ಮೇಲೆ ಸ್ನಾನವಾಗದೆ ಗರ್ಭಗುಡಿಗೆ ಹೋಗುವ ಹಾಗಿಲ್ಲ. ಸ್ನಾನವೆಂದರೆ ಬಚ್ಚಲಿನ ಬಿಸಿನೀರಿನದಲ್ಲ, ಮಡಿಸ್ನಾನ: ಗುಡಿಯ ಬಾವಿಯಿಂದ ನಾನೇ ಸೇದಿದ ತಣ್ಣೀರು, ತಲೆಯ ಮೇಲಿಂದ. ಮಡಿಬಟ್ಟೆಗೂ ಆ ನೀರೇ, ದೇವಿಯ ಅಭಿಷೇಕಕ್ಕೂ ನೈವೇದ್ಯಕ್ಕೂ ಆ ನೀರೇ. ನಲ್ಲಿ ನೀರು ದೇವರ ಕೆಲಸಕ್ಕೆ ಬರುವುದಿಲ್ಲ. ಯಾಕೆಂದರೆ ಪಂಪಿನಲ್ಲೂ ನಲ್ಲಿಯಲ್ಲೂ ಒಳಗೆ ಚರ್ಮದ ವಾಷರ್ ಇರುತ್ತದೆ ಎಂದು ನಮ್ಮ ಅಜ್ಜನಿಗೆ ಯಾರೋ ಹೇಳಿದ್ದರು. ಅಜ್ಜ ಹೋಗಿ ಎಷ್ಟೋ ಕಾಲವಾದರೂ ಕಾವೇರತ್ತೆ ಆ ಮಾತನ್ನು ಸಡಿಲ ಬಿಟ್ಟಿರಲಿಲ್ಲ. ಬೆಳಗಿನ ಹೊತ್ತು ನೀರು ಸೇದುವುದು ನನಗೆ ಲೆಕ್ಕವೇ ಅಲ್ಲ. ಈಗ ಸಂಜೆಯೂ, ಮೈದಾನದಿಂದ ಬೆವರಿಕೊಂಡು ನೇರ ಬಂದು ರಾಟೆಯ ಹಗ್ಗಕ್ಕೆ ಕೈ ಹಾಕುತ್ತಿದ್ದೆ. ಕೈಯನ್ನು ತಲೆಯ ಮೇಲಕ್ಕೆ ಚಾಚಿ ಹಗ್ಗ ಹಿಡಿ, ಸೊಂಟದವರೆಗೆ ಎಳೆ, ಮತ್ತೆ ಚಾಚು. ಕೊಡದ ಮೇಲೆ ಕೊಡ. ಆಮೇಲೆ ತಣ್ಣೀರು, ಒದ್ದೆ ಬಟ್ಟೆ, ಎತ್ತರದ ಆರತಿ.

ನೋವು ಮೊದಲ ವಾರವೇ ಬಂತು. ಹಳೇ ಪರಿಚಯದವನು ಬಂದಿದ್ದಾನೆ, ಎರಡು ದಿನ ಇದ್ದು ಹೋಗುತ್ತಾನೆ ಎಂದುಕೊಂಡೆ. ಅವನು ಹೋಗಲಿಲ್ಲ. ಮಲಗಿದರೆ ಬಲಕ್ಕೆ ಹೊರಳಲಾಗದು, ಊಟಕ್ಕೆ ಕೂತರೆ ತುತ್ತು ಬಾಯಿಗೆ ಬರುವಾಗ ಕೈ ನಡುಗುವುದು. ಊರಿನವರೆಲ್ಲ ವೈದ್ಯರಾದರು. ಒಬ್ಬರು ಎಳ್ಳೆಣ್ಣೆ ಎಂದರು, ಒಬ್ಬರು ಉಪ್ಪಿನ ಶಾಖ ಎಂದರು. ಮುತ್ತಿನಕೊಪ್ಪದಲ್ಲಿ ಉಳುಕು ತೆಗೆಯುವವರಿದ್ದಾರೆಂದು ಕೇಳಿ ಅಲ್ಲಿಗೂ ಹೋದೆ. ಅವರು ನನ್ನ ಕೈ ಹಿಡಿದು ಎಳೆದ ಎಳೆತಕ್ಕೆ ನನ್ನ ಬಾಯಿಂದ ಬಂದದ್ದು ಯಾವ ವೇದದಲ್ಲೂ ಇಲ್ಲ. ಇದೆಲ್ಲ ಆದರೂ ಮೈದಾನಕ್ಕೆ ಹೋಗುವುದನ್ನು ಬಿಡಲಿಲ್ಲ. ಹುಡುಗಿಯರ ಪಂದ್ಯ ಹತ್ತಿರವಿತ್ತು.

ಪಂದ್ಯದಲ್ಲಿ ಅವರು ಮೊದಲ ಆಟಕ್ಕೇ ಸೋತು ಬಂದರು. ವಸಂತಾ ಮೇಡಂ ಗುಡಿಯ ಮೆಟ್ಟಿಲ ಮೇಲೆ ಕೂತು ವರದಿ ಒಪ್ಪಿಸಿದರು. “ಬೇಜಾರು ಮಾಡ್ಕಬೇಡಿ ಭಟ್ರೇ. ನಿಮ್ಮ ಬಾಲಿಗೆ ಮಕ್ಳು ಸರಿಯಾಗಿ ಹೊಡೀತಿದ್ರು. ಆ ಕಡೆ ಪಿಚರ್ ಬಾಲು ಕಣ್ಣಿಗೇ ಕಾಣ್ಲಿಲ್ಲ ಅಂದ್ರು.” ಕೈ ಸೋತದ್ದರಿಂದ ನನ್ನ ಚೆಂಡು ದಿನದಿಂದ ದಿನಕ್ಕೆ ನಿಧಾನವಾಗಿತ್ತು. ಅವರು ನನ್ನ ನೋವನ್ನು ಹೊಡೆಯಲು ಕಲಿತಿದ್ದರು, ಚೆಂಡನ್ನಲ್ಲ. ಪಾಪ, ಅವರದೇನು ತಪ್ಪು.

ಕೊಪ್ಪದ ಫಿಸಿಯೋಥೆರಪಿಸ್ಟ್ ಹತ್ತಿರ ನಾನು ಹೋದದ್ದು ಅದಾದ ಮೇಲೆ. ಇನ್ನೂ ಮೀಸೆ ಗಟ್ಟಿಯಾಗದ ಹುಡುಗ, ಆದರೆ ಒಳ್ಳೆಯವನು. ಕೈಯನ್ನು ಅತ್ತಿತ್ತ ತಿರುಗಿಸಿ ನೋಡಿ ಎಲ್ಲ ಕೇಳಿದ.

“ಎಸೆದಾದ ಮೇಲೆ ಕೈಗೆ ರೆಸ್ಟ್ ಕೊಡ್ತಿದ್ರಾ?”

“ರೆಸ್ಟೆಲ್ಲಿ ಮಾರಾಯ್ರೆ? ಸ್ನಾನ ಆಗ್ಬೇಕಲ್ಲ.”

“ಸ್ನಾನ ಮಾಡಿದ್ರೆ ರೆಸ್ಟೇ ಅಲ್ದಾ?”

“ನೀರು ಸೇದಿ ಮಾಡೂದು.”

ಅವನು ಪೆನ್ನು ಕೆಳಗಿಟ್ಟ. “ಬಾವಿಯಿಂದಾ? ಇದೇ ಕೈಲಾ?” ಎಂದು ಕೇಳಿ, ಎದ್ದು ನಿಂತು, ಇಲ್ಲದ ಹಗ್ಗವನ್ನು ತಲೆಯ ಮೇಲಿಂದ ಎಳೆದು ತೋರಿಸಿದ. ನಾನು ಹೌದೆಂದೆ. “ಎಸೆದದ್ದು ಮಾತ್ರ ಆಗಿದ್ರೆ ನಾಲ್ಕು ದಿನಕ್ಕೆ ಸರಿಯಾಗ್ತಿತ್ತು ಭಟ್ರೇ. ದಣಿದ ರಟ್ಟೆಗೆ ದಿನಾ ಮತ್ತೆ ಅದೇ ಕೆಲಸ ಕೊಟ್ಟಿದ್ದೀರಿ” ಎಂದ. ಶಿವಮೊಗ್ಗದಲ್ಲಿ ಸ್ಕ್ಯಾನ್ ಮಾಡಿಸಿದಾಗ ಭುಜದೊಳಗಿನ ಸ್ನಾಯು ಹರಿದು, ಹರಿದದ್ದು ಕುಗ್ಗಿಹೋಗಿದೆ ಎಂದು ತಿಳಿಯಿತು. ಹೊಲಿಯುವ ಕಾಲ ದಾಟಿದೆ, ವ್ಯಾಯಾಮದಿಂದ ಬಂದಷ್ಟು ಬರಲಿ ಎಂದರು ಅಲ್ಲಿಯ ಡಾಕ್ಟರು.

ಬಂದಷ್ಟು ಬರಲಿ ಎಂದು ನಾನೂ ಹಟ ಹಿಡಿದೆ. ಪ್ರಾಕಾರದ ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಜೇಡದ ಹಾಗೆ ಮೇಲೆ ಮೇಲೆ ಹತ್ತಿಸುವುದು ನನ್ನ ವ್ಯಾಯಾಮ. ಹತ್ತಿದಷ್ಟಕ್ಕೆ ಕುಂಕುಮದ ಬೊಟ್ಟು ಇಡುತ್ತಿದ್ದೆ. ಬಂದ ಭಕ್ತರು ಅಲ್ಲೇನೋ ಸಾನ್ನಿಧ್ಯವಿದೆ ಎಂದುಕೊಂಡು ಆ ಬೊಟ್ಟುಗಳಿಗೂ ನಮಸ್ಕಾರ ಮಾಡಿ ಹೋಗುತ್ತಿದ್ದರು. ನನಗೆ ನಗು ಬರುತ್ತಿತ್ತು. ಬೊಟ್ಟು ಮಾತ್ರ ನನ್ನ ಗಲ್ಲದ ಮಟ್ಟಕ್ಕೆ ಬಂದು ನಿಂತಿತು, ಅಲ್ಲಿಂದ ಮೇಲೆ ಹೋಗಲಿಲ್ಲ. ಪೂಜೆಯಲ್ಲಿ ಗಂಟೆಯನ್ನು ಎದುರಿದ್ದ ಯಾರ ಕೈಗಾದರೂ ಕೊಟ್ಟು, ಬಿಡುವಾದ ಎಡಗೈಯನ್ನು ಬಲ ಮೊಣಕೈಯ ಅಡಿಗೆ ಆನಿಸಿ, ಆರತಿಯನ್ನು ತಳ್ಳಿ ಎತ್ತುತ್ತಿದ್ದೆ. ದೇವಿಯ ಮುಖ ಬೆಳಗುವ ಹೊತ್ತಿಗೆ ನನ್ನ ಕಣ್ಣಲ್ಲಿ ನೀರು. ನೋಡಿದವರು ಭಕ್ತಿ ಎಂದುಕೊಂಡರು.

ನವರಾತ್ರಿಯಲ್ಲಿ ಅದೂ ಮುಗಿಯಿತು. ಗುಡಿ ತುಂಬ ಜನ. ತುಪ್ಪದ ಬತ್ತಿ ತುಂಬಿದ ಹಿತ್ತಾಳೆಯ ಪಂಚಾರತಿ ಎತ್ತಿದವನಿಗೆ ಭುಜದೊಳಗೆ ಏನೋ ಕಳಚಿದಂತಾಯಿತು. ಆರತಿ ಕೈಯಿಂದ ಜಾರಿ ಪೀಠಕ್ಕೆ ಬಡಿದು, ದೇವಿಯ ಸೀರೆಯ ನೆರಿಗೆಯ ಮೇಲೆ ಉರುಳಿತು. ಸೀರೆ ಹೊತ್ತಿಕೊಂಡಿತು. ನಾನು ಎಡಗೈಯಿಂದಲೇ ಬಡಿದು ಆರಿಸಿದೆ. ಗಂಟೆ ಹೊಡೆಯುತ್ತಿದ್ದವನ ಕೈ ನಿಂತಿತು. ಸುಟ್ಟ ರೇಷ್ಮೆಯ ವಾಸನೆಯಲ್ಲಿ ಅಷ್ಟು ಜನ ಒಂದೂ ಮಾತಾಡದೆ ನಿಂತಿದ್ದರು. ಅಷ್ಟು ಹೆದರಿಕೆ ನನಗೆ ಅಪ್ಪ ತೀರಿಕೊಂಡ ದಿನವೂ ಆಗಿರಲಿಲ್ಲ.

ಮನೆಯಲ್ಲಿ ಕಾವೇರತ್ತೆ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಸಾವಿತ್ರಿಯೇ ಧೈರ್ಯ ಮಾಡಿ, “ಎಡಗೈಲಿ ಎತ್ತಿರೆ ಆಗೂದಿಲ್ವಾ ಅತ್ತೆ?” ಎಂದು ಕೇಳಿದಳು.

“ಎಡಗೈಲಿ ನೀನು ಯಾರಿಗಾದ್ರೂ ಅನ್ನ ಬಡಿಸ್ತೀಯನೇ?” ಎಂದರು ಅತ್ತೆ. ಸಾವಿತ್ರಿ ತಲೆ ತಗ್ಗಿಸಿದಳು. ಆಮೇಲೆ ಅತ್ತೆ ನನ್ನ ಕಡೆ ನೋಡದೆ, “ಗಣಪತಿಗೆ ಹೇಳಿಕಳ್ಸು” ಎಂದರು.

ಗಣಪತಿ ನನ್ನ ಚಿಕ್ಕಪ್ಪನ ಮಗ. ಕೊಪ್ಪದಲ್ಲಿ ಪಂಪು, ಮಿಕ್ಸಿ ರಿಪೇರಿ ಮಾಡುವ ಅಂಗಡಿ ಅವನದು. ಅಂಗಡಿಗೆ ಮಧ್ಯಾಹ್ನ ಮಾತ್ರ ಹೋಗುವುದೆಂದು ಒಪ್ಪಿ ಬಂದ. ಮಂತ್ರ ಅವನಿಗೆ ಅರ್ಧ ಬರುತ್ತಿತ್ತು, ಉಳಿದರ್ಧವನ್ನು ನಾನು ಜಗಲಿಯಲ್ಲಿ ಕೂತು ಹೇಳಿಕೊಟ್ಟೆ. ಬಾಯಿಗೆ ನೋವಿರಲಿಲ್ಲವಲ್ಲ. ಮೊದಲ ಸಂಜೆ ಅವನು ಆರತಿ ಎತ್ತುವುದನ್ನು ನಾನು ನಿಂತು ನೋಡಿದೆ. ಗಂಟೆಯನ್ನು ಪಕ್ಕದವರಿಗೆ ಕೊಟ್ಟು, ಎಡಗೈಯನ್ನು ಬಲ ಮೊಣಕೈಗೆ ಆನಿಸಿ, ನಡುನಡುವೆ ನಿಲ್ಲಿಸುತ್ತಾ ಎತ್ತುತ್ತಿದ್ದ.

“ಎಂತದಾ ಅದು?” ಎಂದೆ ಹೊರಗೆ ಬಂದ ಮೇಲೆ.

“ನೀನು ಎತ್ತೂ ಹಾಗೇ ಎತ್ತಿದ್ದಣ್ಣ. ನೋಡಿ ಇಟ್ಕಂಡಿದ್ದೆ. ತಪ್ಪಾತಾ?”

“ಅದು ಕ್ರಮ ಅಲ್ಲ ಮಾರಾಯ. ನಂಗೆ ನೋವಿತ್ತು.”

ಮರುದಿನದಿಂದ ಒಂದೇ ಕೈಯಲ್ಲಿ ಎತ್ತಿದ. ಪಾದದಿಂದ ಮುಖದವರೆಗೆ ಎಲ್ಲೂ ತಡೆಯಿಲ್ಲದೆ ಏರಿದ ಆ ಆರತಿ, ನನ್ನ ಒಳ್ಳೆಯ ದಿನಗಳ ಆರತಿಗಿಂತಲೂ ಚೆನ್ನಾಗಿತ್ತು.

ಅವನು ಬಂದು ಒಂದು ವಾರವೂ ಆಗಿರಲಿಲ್ಲ. ಗುಡಿಯ ಹಿಂದೆ ನಲ್ಲಿ ನೀರು ಸುರಿಯುವ ಸದ್ದು ಕೇಳಿ ಎದ್ದು ಹೋದೆ. ಗಣಪತಿ ನಲ್ಲಿಯ ಕೆಳಗೆ ಕೂತು ಮಡಿಸ್ನಾನ ಮಾಡುತ್ತಿದ್ದ. ಬಾವಿಯ ಹಗ್ಗ ಒಣಗಿ ನೇತಾಡುತ್ತಿತ್ತು. ಅತ್ತೆಗೆ ಗೊತ್ತೇ ಎಂದು ಕೇಳಿದೆ. ಗೊತ್ತಂತೆ. ಅಂಗಡಿಯಿಂದ ಒಂದು ಹೊಸ ವಾಷರ್ ತಂದು ಅತ್ತೆಯ ಅಂಗೈಯಲ್ಲಿ ಇಟ್ಟನಂತೆ. ಅತ್ತೆ ಅದನ್ನು ಮೂಸಿ, ಹಿಸುಕಿ ನೋಡಿ, “ಇದು ರಬ್ಬರಲ್ವನಾ? ಮೊದ್ಲೇ ಹೇಳೂದಲ್ವಾ” ಎಂದರಂತೆ. ಅಷ್ಟೇ ನಡೆದದ್ದು. ನಾನು ಅಲ್ಲೇ ಬಾವಿಕಟ್ಟೆಯ ಮೇಲೆ ಕೂತೆ. ನನಗೆ ಗಣಪತಿಯ ಮೇಲೆ, ಅತ್ತೆಯ ಮೇಲೆ, ಅಜ್ಜನಿಗೆ ವಾಷರಿನ ವಿಷಯ ಹೇಳಿದ ಆ ಹೆಸರಿಲ್ಲದ ‘ಯಾರೋ’ನ ಮೇಲೆ ಎಂಥ ಸಿಟ್ಟು ಬಂತೆಂದರೆ ಕೈಗೆ ಸಿಕ್ಕ ಕಲ್ಲನ್ನು ಎತ್ತಿ ಬೀಸಿ ಒಗೆಯೋಣವೆನ್ನಿಸಿತು. ಕಲ್ಲು ಸಿಕ್ಕಿತು. ಒಗೆಯಲಾಗಲಿಲ್ಲ.

ಆಮೇಲಿನ ದಿನಗಳಲ್ಲಿ ನಾನು ಮಂಗಳಾರತಿಯ ಹೊತ್ತಿಗೆ ಏನಾದರೊಂದು ಕೆಲಸ ಮಾಡಿಕೊಂಡು ಹೊರಗಿರುತ್ತಿದ್ದೆ. ಹೂವಿನ ಬುಟ್ಟಿ ತೊಳೆಯುವುದು, ಚಪ್ಪಲಿ ಬಿಟ್ಟ ಜಾಗ ಗುಡಿಸುವುದು. ಭಕ್ತರ ಸಾಲಿನಲ್ಲಿ ನಿಂತು ಅಭ್ಯಾಸವಿರಲಿಲ್ಲ. ಇನ್ನೊಂದು ಸಂಗತಿಯೂ ಇತ್ತು. ನವರಾತ್ರಿಯ ಮೇಲೆ ನನ್ನ ಬಲಗೈ ಗಲ್ಲದ ಮಟ್ಟಕ್ಕೂ ಏಳುತ್ತಿರಲಿಲ್ಲ. ಆರತಿಯ ಬಿಸಿಯನ್ನು ಎರಡೂ ಅಂಗೈಗೆ ತಾಗಿಸಿ ಕಣ್ಣಿಗೆ ಒತ್ತಿಕೊಳ್ಳಬೇಕು. ಒಂದು ಕೈ ಏರಿ ಇನ್ನೊಂದು ಅರ್ಧದಲ್ಲೇ ನಿಂತರೆ ನಾಲ್ಕು ಜನ ನೋಡುತ್ತಾರೆ.

ಕಳೆದ ಶುಕ್ರವಾರ ಸಾವಿತ್ರಿ ನನ್ನ ಕೈಯಿಂದ ಬುಟ್ಟಿ ಕಿತ್ತುಕೊಂಡು, “ಇವತ್ತು ಒಳಗೆ ಬನ್ನಿ” ಎಂದಳು. ಹೋಗಿ ಕಂಬದ ಪಕ್ಕ ನಿಂತೆ. ಗಣಪತಿ ಮಂಗಳಾರತಿ ಮುಗಿಸಿ ತಟ್ಟೆ ಹಿಡಿದು ಹೊರಗೆ ಬಂದ. ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ಕೈ ಚಾಚಿ ಕಣ್ಣಿಗೆ ಒತ್ತಿಕೊಂಡರು. ಅವನು ತಟ್ಟೆಯನ್ನು ಎಲ್ಲರ ಎದೆಯ ಮಟ್ಟಕ್ಕೆ ಹಿಡಿದು ಬರುತ್ತಿದ್ದ. ನನ್ನ ಮುಂದೆ ಬಂದವನು ಮುಖ ನೋಡಲಿಲ್ಲ. ಮೊಣಕಾಲು ಸ್ವಲ್ಪ ಬಗ್ಗಿಸಿ, ತಟ್ಟೆಯನ್ನು ನನ್ನ ಸೊಂಟದ ಹತ್ತಿರಕ್ಕೆ ಇಳಿಸಿ ಹಿಡಿದ. ನಾನು ಎರಡೂ ಅಂಗೈಯನ್ನು ಜ್ವಾಲೆಯ ಮೇಲೆ ಆಡಿಸಿ, ತಲೆಯನ್ನೇ ಬಗ್ಗಿಸಿ ಕಣ್ಣನ್ನು ಕೈಯ ಹತ್ತಿರಕ್ಕೆ ತಂದೆ. ನಾನು ತಲೆ ಎತ್ತುವವರೆಗೂ ಅವನು ಬಗ್ಗಿಯೇ ಇದ್ದ. ಆಮೇಲೆ ನೆಟ್ಟಗಾಗಿ, ಪಕ್ಕದಲ್ಲಿದ್ದವರಿಗೆ ತಟ್ಟೆಯನ್ನು ಮತ್ತೆ ಮೇಲಕ್ಕೆತ್ತಿದ.